ಡಿಕ್ಕಿಯ ರತ್ನಗಂಬಳಿ

ರತ್ನಗಂಬಳಿಯೆಂದೊಡನೆ ವಾಚಕರು ಅರಮನೆಯನ್ನು ನೆನೆಯಬಾರದು. ನಾನು ಹೇಳಹೊರಟಿರುವುದು ನಮ್ಮ ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಿ ಹಾಸಿದ್ದ ಕಾರ್ಪೆಟ್ಟಿನ ವಿಚಾರ. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ತಂದೆಯವರ ನೆನಪಿಗೆಂದು ನಾವು ಅದನ್ನು ಇರಿಸಿಕೊಂಡಿದ್ದೇವೆ.

ಕಳೆದ ಮಳೆಗಾಲದಲ್ಲಿ ಡಿಕ್ಕಿಯಿಂದ ಮುಗ್ಗಲು ವಾಸನೆ ಬರತೊಡಗಿತು. ಕಾರ್ಪೆಟ್ಟಿನ ಅಂಚು ಕೊಳೆತು ಎಳೆ ಬಿಟ್ಟಿತ್ತು. ಮೇಲೊಂದು ಹೊಸದನ್ನು ಹಾಸಿಬಿಡೋಣವೆಂದೆ.

"ಹಾಸಿಗೆ ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದು ಹಾಸುತ್ತೀರಾ?" ಎಂದಳು ನನ್ನ ಶ್ರೀಮತಿ. ಸ್ನಾತಕೋತ್ತರ ಪದವಿ ಇಂಥ ಪ್ರಶ್ನೆಗಳಿಗೆ ಉತ್ತರ ಕಲಿಸುವುದಿಲ್ಲ.

ಹಳೆಯದನ್ನು ಕಿತ್ತು ನೋಡಿದರೆ ತಗಡೆಲ್ಲ ತುಕ್ಕು. ಒಂದೆಡೆ ಬೆರಳು ತೂರುವಷ್ಟು ತೂತು! ಮುಚ್ಚಳದ ಸುತ್ತಣ ರಬ್ಬರ್ ಬೀಡಿಂಗ್ ಬಿರಿದು, ಅಲ್ಲಿಂದಲೇ ನೀರು ಇಳಿದಿತ್ತು. ಆ ನೀರನ್ನು ಹೀರಿದ ಕಾರ್ಪೆಟ್ಟು ತಿಂಗಳುಗಟ್ಟಲೆ ತಗಡನ್ನು ಒಣಗಗೊಟ್ಟಿರಲಿಲ್ಲ. ಇಂಜಿನಿನ ಹೊಗೆಕೊಳವೆ ಹಾದುಹೋಗುವುದೂ ಅದರಡಿಯಲ್ಲೇ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಹಾರಿ. ಇಂಥ ತೂತಿನ ಮೂಲಕ ಅದು ಒಳಸೇರಬಲ್ಲದು. ದೂರ ಪ್ರಯಾಣದಲ್ಲಿ ಹಿಂದಿನ ಸೀಟಿನಲ್ಲಿ ಮಲಗಿ ನಿದ್ರಿಸುವವರು ನಮ್ಮ ಮಕ್ಕಳು.

ಮೆಕ್ಯಾನಿಕ್ ಇಂಧನದ ಟ್ಯಾಂಕನ್ನು ಮೊದಲು ಇಳಿಸಿ, ತುಕ್ಕು ಕೆರೆದು, ತಗಡಿನ ತೇಪೆಯನ್ನು ವೆಲ್ಡಿಂಗ್ ಮಾಡಿ, ರೆಡ್ ಆಕ್ಸೈಡ್ ಬಳಿದನು. ಬೀಡಿಂಗ್ ಬದಲಾಯಿತು. ಕಾರ್ಪೆಟ್ಟಿನ ಸರದಿ ಬಂದದ್ದು ಕಟ್ಟಕಡೆಗೆ. ಹಳೆಯದನ್ನೇ ಅಳತೆಗಿಟ್ಟು ಹೊಸದನ್ನು ಕತ್ತರಿಸಿದ್ದಾಯಿತು. ಅಂಟು ಹಾಕಿಸಬಾರದೆಂದು ಶ್ರೀಮತಿಯ ಅಪ್ಪಣೆ. ಈಗ ಪ್ರತಿ ಮಳೆಯ ಮರುದಿನ ಅದನ್ನೆತ್ತಿ, ತಗಡನ್ನು ಮುಟ್ಟಿ ನೋಡುವುದು ನನ್ನ ಪಾಲಿನ ಕೆಲಸ.