ರೋಗಾಣುಗಳ ಲೆಕ್ಕ

2010ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನಮ್ಮ ಸಂಸತ್ತಿನಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಎದ್ದ ಕೋಲಾಹಲವನ್ನು ವಾಚಕಮಹಾಶಯರು ಮರೆತಿರಲಾರರು. ಅತಿ ಪ್ರಬಲವಾದ ಔಷಧಗಳನ್ನೂ ನಿಷ್ಫಲಗೊಳಿಸುವ ಕಿಣ್ವವೊಂದು ರೋಗಾಣುಗಳಲ್ಲಿ ಕಂಡುಬರಲು, ಪಾಶ್ಚಾತ್ಯ ಶಾಸ್ತ್ರಜ್ಞರು ಅದಕ್ಕೆ ನಮ್ಮ ರಾಜಧಾನಿಯ ಹೆಸರನ್ನಿಟ್ಟುದೇ ಅದಕ್ಕೆ ಕಾರಣ. ಊರಿನ ಹೆಸರನ್ನು ಹೀಗೆ ರೋಗಕ್ಕೆ ಅಂಟಿಸುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯವೂ ಹೌದು. ಆದರೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಮುಂಬಯಿಯ ವೈದ್ಯರೇ ಆ ಕಿಣ್ವವನ್ನು ತಮ್ಮ ಆಸ್ಪತ್ರೆಯಲ್ಲಿ ಕಂಡು, ನಮ್ಮ ದೇಶದ ವೈದ್ಯಪತ್ರಿಕೆಯಲ್ಲಿಯೇ ಪ್ರಕಟಿಸಿದ್ದರು. ಹೆಸರಿಗಾಗಿ ಕಾದಾಡಿದವರಲ್ಲಿ ಅದನ್ನು ಓದಿದ್ದವರೆಷ್ಟು ಮಂದಿ? ಮಾರನೆಯ ವರ್ಷ ದೆಹಲಿಯ ನೀರಿನ ಪರೀಕ್ಷೆಯ ಫಲ ಹೊರಬಂದಿತು: ನಲ್ಲಿಯ ನೀರಿನ 50 ಮಾದರಿಗಳಲ್ಲಿ 2ರಲ್ಲಿಯೂ, ಬೀದಿಯಲ್ಲಿ ನಿಂತ ಕೊಚ್ಚೆನೀರಿನ 171ರಲ್ಲಿ 51ರಲ್ಲಿಯೂ ಆ ಕಿಣ್ವದ ಬೀಜವಿದ್ದಿತು. ಈ ಪರೀಕ್ಷೆಯನ್ನು ನಡೆಸಿದವರು ಬ್ರಿಟನ್ನಿನ ಕಾರ್ಡಿಫ್ ನಗರದ ವಿದ್ವಾಂಸರು. ನಮ್ಮ ರಾಜಧಾನಿಯ ನೀರಿನ ಸ್ಥಿತಿಯನ್ನು ನಾವು ಅವರಿಂದ ತಿಳಿಯಬೇಕಾಯಿತು. ಅಪಮಾನವೆಂದರೆ ಇದು. ಮುಖ ನೋಡಿಕೊಳ್ಳಲೊಲ್ಲದವನು ಕನ್ನಡಿಯನ್ನು ಬೈದರೆ ಫಲವೇನು?

ರೋಗಾಣುಗಳು ಔಷಧವನ್ನು ಮೀರಿ ಬದುಕುವ ಬಗೆ ಗೂಢವಾದುದಲ್ಲ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯನೇ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗ, ಕಡಮೆ ಪ್ರಮಾಣದಲ್ಲಿ ಔಷಧ ಸೇವಿಸುವವನು ತನ್ನ ಮೈಯೊಳಗಿನ ರೋಗಾಣುಗಳಿಗೆ ಅದನ್ನು ಸಹಿಸುವ ಶಿಕ್ಷಣವನ್ನು ಕೊಟ್ಟಂತಾಗುವುದೆಂದು ಎಚ್ಚರಿಸಿದ್ದನು. ನೆಗಡಿಯಂಥ ಕಾಯಿಲೆಗೆ, ಈ ಔಷಧಗಳಿಂದ ಯಾವ ಪ್ರಯೋಜನವೂ ಇಲ್ಲದಿದ್ದರೂ, ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ನುಂಗುವವರು ನಮ್ಮಲ್ಲಿ ಅಸಂಖ್ಯಾತರು. ವಿದ್ಯಾವಂತರೂ ಇದಕ್ಕೆ ಹೊರತಲ್ಲ. ಒಂದು ಜಾತಿಯ ರೋಗಾಣು ಕಲಿತ ವಿದ್ಯೆಯನ್ನು ಮತ್ತೊಂದು ಜಾತಿಗೆ ದಾಟಿಸಬಲ್ಲುದೆಂಬುದು ಇನ್ನೂ ಭಯಂಕರವಾದ ಸಂಗತಿ. ಹೀಗೆ ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಲೋಕದಲ್ಲೆಲ್ಲ 12.7 ಲಕ್ಷ ಜನರು ಮೃತಪಟ್ಟರೆಂದು ಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ.

ಸರ್ಕಾರದವರು ಸುಮ್ಮನಿದ್ದರೆಂದು ಹೇಳುವುದು ನ್ಯಾಯವಲ್ಲ. 2013ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ರೋಗಾಣುಗಳ ಲೆಕ್ಕವಿಡುವ ಆಸ್ಪತ್ರೆಗಳ ಜಾಲವನ್ನು ಆರಂಭಿಸಿತು. 2014ರಿಂದ ಮುಖ್ಯವಾದ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದುದನ್ನು ಪ್ರತ್ಯೇಕ ದಫ್ತರದಲ್ಲಿ ಬರೆದು ಮೂರು ವರ್ಷ ಕಾಪಾಡತಕ್ಕದ್ದೆಂದೂ ನಿಯಮವಿದೆ. 2019ರಲ್ಲಿ ಕೋಳಿ ಮೊದಲಾದ ಪ್ರಾಣಿಗಳಿಗೆ ಕೊಲಿಸ್ಟಿನ್ ಔಷಧವನ್ನು ಕೊಡುವುದನ್ನು ನಿಷೇಧಿಸಿದರು. ಆದರೆ ಜಾಲಕ್ಕೆ ಸೇರಿದವು ಬಹುಮಟ್ಟಿಗೆ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳು. ತಾಲ್ಲೂಕಿನ ವೈದ್ಯನು ರೋಗಿಯ ರಕ್ತದಲ್ಲಿರುವ ರೋಗಾಣು ಯಾವುದು, ಯಾವ ಔಷಧಕ್ಕೆ ಬಗ್ಗುವುದು ಎಂಬುದನ್ನು ತಿಳಿಯುವ ಸಾಧನವಿಲ್ಲದೆ ಊಹೆಯಿಂದಲೇ ಚಿಕಿತ್ಸೆ ಮಾಡಬೇಕಾಗಿದೆ. ಆತನನ್ನು ದೂಷಿಸಿ ಪ್ರಯೋಜನವಿಲ್ಲ.

ನಮ್ಮವರಿಗೆ ಶಕ್ತಿಯಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. 1954ರಲ್ಲಿ ಸ್ಥಾಪಿತವಾದ ಪಿಂಪ್ರಿಯ ಸರ್ಕಾರೀ ಕಾರ್ಖಾನೆಯಲ್ಲಿ ಪೆನಿಸಿಲಿನ್ ತಯಾರಾದುದಲ್ಲದೆ, ಎಂ. ಜೆ. ತಿರುಮಲಾಚಾರ್ ಅವರು ಬೂಷ್ಟುರೋಗಗಳಿಗೆ ಹ್ಯಾಮೈಸಿನ್ ಎಂಬ ಹೊಸ ಔಷಧವನ್ನೇ ಕಂಡುಹಿಡಿದರು. ಚೆನ್ನೈಯ ಕಂಪನಿಯೊಂದರಲ್ಲಿ ಹುಟ್ಟಿದ ಎನ್ಮೆಟಾಜೊಬ್ಯಾಕ್ಟಮ್ ಎಂಬುದಕ್ಕೆ 2024ರಲ್ಲಿ ಅಮೆರಿಕದ ಮಂಜೂರಾತಿ ದೊರೆಯಿತು. ಆದರೆ ರೋಗಿಗಳ ಮೇಲಣ ಪರೀಕ್ಷೆಯ ಭಾರವನ್ನು ಹೊತ್ತದ್ದು ಯುರೋಪಿನ ಕಂಪನಿ. ಬೆಂಗಳೂರಿನ ಬಗ್‌ವರ್ಕ್ಸ್ ಸಂಸ್ಥೆಯವರ ಅನ್ವೇಷಣೆಗೂ ಪರದೇಶದ ಧನಸಹಾಯ ಒದಗಿತು. ಪರರ ನೆರವನ್ನು ನಿರಾಕರಿಸಬೇಕೆಂದು ನಾವು ಹೇಳುತ್ತಿಲ್ಲ. ರೋಗಾಣುಗಳಿಗೆ ಗಡಿಯಿಲ್ಲವಾದುದರಿಂದ ಸಹಕಾರ ಅವಶ್ಯ. ನಮ್ಮ ಬೊಕ್ಕಸದ ಪಾಲು ಎಲ್ಲಿ ಎಂಬುದೇ ನಮ್ಮ ಪ್ರಶ್ನೆ.

ನೆರೆಯ ಕೇರಳವು 2018ರಲ್ಲಿ, ರಾಜ್ಯಗಳಲ್ಲೆಲ್ಲ ಮೊದಲಾಗಿ, ತನ್ನದೇ ಯೋಜನೆಯನ್ನು ರಚಿಸಿ ತನ್ನ ರೋಗಾಣುಗಳ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. ಬೀದರಿನಲ್ಲಿ ಯಾವ ಔಷಧ ಫಲಿಸುವುದು, ಮಂಗಳೂರಿನಲ್ಲಿ ಯಾವುದು ಸೋತಿದೆ ಎಂಬ ಪಟ್ಟಿ ಪ್ರತಿವರ್ಷವೂ ಜಿಲ್ಲಾವಾರು ಹೊರಬಂದು ಪ್ರತಿಯೊಬ್ಬ ವೈದ್ಯನ ಮೇಜನ್ನೂ ಸೇರಬೇಕು. ಅದಕ್ಕೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಸುಸಜ್ಜಿತವಾದ ಪ್ರಯೋಗಶಾಲೆ, ಬಲ್ಲ ಒಬ್ಬ ಸೂಕ್ಷ್ಮಜೀವಿಶಾಸ್ತ್ರಜ್ಞ, ಇಬ್ಬರು ಸಹಾಯಕರು ಬೇಕು. ಮುಂದಿನ ಆಯವ್ಯಯ ಪತ್ರದಲ್ಲಿ ಈ ಬಾಬಿಗೆ ಎಷ್ಟು ಹಣ ಮೀಸಲಾಗುವುದೆಂಬುದನ್ನು ಆರೋಗ್ಯಮಂತ್ರಿಗಳು ಶಾಸನಸಭೆಯಲ್ಲಿ ತಿಳಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.