ನೀರಿಳಿದ ಮೇಲೆ ಕಾಣುವ ಹಡಗು

ವಿಹಾರದ ಹಡಗೊಂದಕ್ಕೆ ಹತ್ತು ಹದಿನೈದು ವರ್ಷ ತುಂಬುವ ಹೊತ್ತಿಗೆ ಅದರ ರತ್ನಗಂಬಳಿ ಮಾಸಿರುತ್ತದೆ, ಸ್ವಿಚ್ಚುಗಳು ಹಳೇ ಕಾಲದವೆನಿಸುತ್ತವೆ, ಬಚ್ಚಲುಮನೆಯ ಸಂದಿಗಳಲ್ಲಿ ಕಪ್ಪು ಕೂತಿರುತ್ತದೆ. ಉಕ್ಕಿನ ಒಡಲಿಗೆ ಮಾತ್ರ ಅದು ಇನ್ನೂ ನಡುವಯಸ್ಸು. ಚೆನ್ನಾಗಿ ನೋಡಿಕೊಂಡ ಒಡಲು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಹೊರಗಿನ ಉಕ್ಕಿಗೂ ಒಳಗಿನ ಸಿಂಗಾರಕ್ಕೂ ಇರುವ ಆಯುಸ್ಸಿನ ಈ ಅಂತರದಿಂದಲೇ ನವೀಕರಣದ ಕೆಲಸ ಹುಟ್ಟುವುದು. ನೂರರಿಂದ ಮುನ್ನೂರು ಪ್ರಯಾಣಿಕರ ಸಣ್ಣ ಐಷಾರಾಮಿ ಹಡಗುಗಳಿಗಂತೂ ಇದು ಅಳಿವು ಉಳಿವಿನ ಪ್ರಶ್ನೆ. ಹೊಸ ಹಡಗಿನ ವೆಚ್ಚವನ್ನು ಅಷ್ಟು ಕಡಿಮೆ ಟಿಕೆಟ್‌ಗಳ ಮೇಲೆ ಹಂಚುವುದು ಕಷ್ಟ. ಹಳೆಯದನ್ನೇ ಬಿಚ್ಚಿ ಕಟ್ಟಿದರೆ ಲೆಕ್ಕ ಹೇಗೋ ಕೂಡಿಬರುತ್ತದೆ.

ನಮ್ಮ ಪಡುವಣ ಕರಾವಳಿಯಲ್ಲೂ ಇಂಥದೊಂದು ಹಡಗು ಓಡಾಡಿದೆ. 2018ರ ಅಕ್ಟೋಬರ್‌ನಲ್ಲಿ ಮುಂಬೈ ಮತ್ತು ಗೋವಾ ನಡುವೆ ಸಂಚಾರ ಆರಂಭಿಸಿದ ‘ಆಂಗ್ರಿಯಾ’ ಹೊಸದಾಗಿ ಕಟ್ಟಿದ ಹಡಗಾಗಿರಲಿಲ್ಲ. 1997ರಲ್ಲಿ ಜಪಾನಿನ ಮಿತ್ಸುಬಿಷಿ ಹಡಗುಕಟ್ಟೆಯಲ್ಲಿ ತಯಾರಾದ ಅದರ ಮೊದಲ ಹೆಸರು ‘ಒಗಸವಾರ ಮಾರು’. ಟೋಕಿಯೋದಿಂದ ಸುಮಾರು ಸಾವಿರ ಕಿಲೋಮೀಟರ್ ತೆಂಕಣದ ಚಿಚಿಜಿಮಾ ದ್ವೀಪಕ್ಕೆ ಜನರನ್ನೂ ಸಾಮಾನನ್ನೂ ಹೊತ್ತೊಯ್ಯುವುದು ಅದರ ಕಾಯಕ. ಆ ದ್ವೀಪಕ್ಕೆ ವಿಮಾನವಿಲ್ಲ. ಒಂದಿಡೀ ದಿನದ ಪಯಣದಲ್ಲಿ ಅಗ್ಗದ ದರ್ಜೆಯವರು ಒಂದೇ ಹಾಸಿನ ಮೇಲೆ ಸಾಲಾಗಿ, ಮದುವೆಮನೆಯ ಅಟ್ಟದಲ್ಲಿ ನೆಂಟರು ಮಲಗಿದಂತೆ, ಮಲಗುತ್ತಿದ್ದರು. 2016ರಲ್ಲಿ ಅದೇ ಹೆಸರಿನ ಹೊಸ ಹಡಗು ಬಂದು ಹಳೆಯದಕ್ಕೆ ನಿವೃತ್ತಿಯಾಯಿತು. 131 ಮೀಟರ್ ಉದ್ದದ ಅದೇ ಒಡಲಿನಲ್ಲಿ ಆಮೇಲೆ ನೂರಕ್ಕೂ ಹೆಚ್ಚು ಕೋಣೆಗಳು, ಊಟದ ಹಜಾರ, ಈಜುಕೊಳ ಬಂದವು; ಮರಾಠಾ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ಹೆಸರು ಬಂತು. ಸಾವಿರದಷ್ಟು ಜನ ಹಿಡಿಸುತ್ತಿದ್ದ ಹಡಗಿಗೆ ಆಗ ಅದರ ಅರ್ಧದಷ್ಟೂ ಪ್ರಯಾಣಿಕರಿರಲಿಲ್ಲ. ಹಡಗಿನ ಮೇಲೆ ಐಷಾರಾಮ ಎಂದರೆ ಎಲ್ಲಕ್ಕಿಂತ ಮೊದಲು ಕೈಕಾಲು ಚಾಚಲು ಸಿಗುವ ಜಾಗ.

ಸ್ಕಾಟ್ಲೆಂಡಿನ ‘ಹೆಬ್ರಿಡಿಯನ್ ಪ್ರಿನ್ಸೆಸ್’ ಇದಕ್ಕಿಂತ ಹಳೆಯ ಕಥೆ. 1964ರಲ್ಲಿ ಕಾರುಗಳನ್ನು ದ್ವೀಪಗಳಿಗೆ ದಾಟಿಸಲು ಕಟ್ಟಿದ ಫೆರಿ ಅದು. 1989ರಲ್ಲಿ ಐವತ್ತೇ ಅತಿಥಿಗಳ ಹಡಗಾಗಿ ಮಾರ್ಪಟ್ಟಿತು. 2006ರಲ್ಲಿ ಎರಡನೇ ಎಲಿಜಬೆತ್ ರಾಣಿ ತಮ್ಮ ಎಂಬತ್ತರ ಸಂಭ್ರಮಕ್ಕೆ ಕುಟುಂಬದೊಡನೆ ಬಾಡಿಗೆಗೆ ಹಿಡಿದದ್ದು ಇದೇ ಹಡಗನ್ನು.

ನವೀಕರಣಕ್ಕೆ ಮಾಲೀಕರ ಆಸೆಯಷ್ಟೇ ಕಾನೂನೂ ಕಾರಣ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರೂಪುಗೊಂಡ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಗಾಗ ತಿದ್ದುಪಡಿಯಾಗುತ್ತ ಬಂದಿದೆ. ಸುಲಭವಾಗಿ ಉರಿಯುವ ವಸ್ತುಗಳಿಂದ ಒಳಗೋಡೆ ಕಟ್ಟಿದ ಪ್ರಯಾಣಿಕ ಹಡಗುಗಳು 2010ರ ಅಕ್ಟೋಬರ್ 1ರ ನಂತರ ಅಂತರರಾಷ್ಟ್ರೀಯ ಪಯಣ ಮಾಡುವಂತಿಲ್ಲ ಎಂದಾಗ ಮರದ ಕುಸುರಿಯ ಎಷ್ಟೋ ಹಳೆಯ ಹಡಗುಗಳು ಮೂಲೆ ಸೇರಿದವು. ಹಳೆಯ ಹಡಗುಗಳ ಗೋಡೆಯಲ್ಲಿ ಬೆಂಕಿ ತಡೆಗೆಂದು ತುಂಬಿದ್ದ ಕಲ್ನಾರು ಇನ್ನೊಂದು ತಲೆನೋವು. ಬಿಚ್ಚದಿದ್ದರೆ ತೆಪ್ಪಗಿರುತ್ತದೆ, ಬಿಚ್ಚಿದರೆ ಅದರ ಎಳೆಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಆದ್ದರಿಂದ ಅದನ್ನು ತೆಗೆಯುವ ಜಾಗಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ, ಮುಖವಾಡ ತೊಟ್ಟವರನ್ನಷ್ಟೇ ಒಳಗೆ ಬಿಡಬೇಕು. ಸಾಮಾನ್ಯವಾಗಿ ಐದು ವರ್ಷದಲ್ಲಿ ಎರಡು ಸಲವಾದರೂ ಹಡಗು ತನ್ನ ತಳವನ್ನು ನೀರಿನಿಂದಾಚೆ ಪರೀಕ್ಷಕರಿಗೆ ತೋರಿಸಬೇಕು. ಹೇಗೂ ಮೇಲೇರಲೇಬೇಕಾದ ಆ ದಿನಗಳಿಗೇ ಒಳಾಂಗಣದ ಕೆಲಸವನ್ನೂ ಹೊಂದಿಸಿಕೊಳ್ಳುತ್ತಾರೆ.

ಹಡಗು ಕಟ್ಟೆಗೆ ಬರುವ ಒಂದು ವರ್ಷ ಮೊದಲೇ ಕೆಲಸ ಆರಂಭವಾಗಿರುತ್ತದೆ. ಹಳೆಯ ನಕ್ಷೆಗಳನ್ನು ನಂಬಿ ಕೂತರೆ ಕೆಟ್ಟರು. ಮೂರು ಮಾಲೀಕರು, ನಾಲ್ಕು ರಿಪೇರಿ ಕಂಡ ಹಡಗಿನಲ್ಲಿ ಕಾಗದದ ಮೇಲೆ ಇಲ್ಲದ ಪೈಪು, ಎಲ್ಲಿಗೂ ಹೋಗದ ತಂತಿ ಇದ್ದೇ ಇರುತ್ತವೆ. ಆದ್ದರಿಂದ ಹಡಗು ಪಯಣದಲ್ಲಿರುವಾಗಲೇ ಲೇಸರ್ ಯಂತ್ರದಿಂದ ಕೋಣೆ ಕೋಣೆ ಅಳೆಯುತ್ತಾರೆ. ದಡದ ಮೇಲೊಂದು ಮಾದರಿ ಕೋಣೆ ಕಟ್ಟಿ, ಮಂಚದ ಎತ್ತರದಿಂದ ಹಿಡಿದು ಸೂಟ್‌ಕೇಸ್ ಮಂಚದಡಿಗೆ ಹೋಗುತ್ತದೋ ಇಲ್ಲವೋ ಎಂಬುದರವರೆಗೆ ನೋಡುತ್ತಾರೆ. ಆಮೇಲೆ ಸಾಮಾನು ಕಂಟೇನರುಗಳಲ್ಲಿ ಬಂದು ಬೀಳುತ್ತದೆ, ಅದೂ ತಿರುಗುಮುರುಗು ಕ್ರಮದಲ್ಲಿ: ಮೊದಲು ಬೇಕಾದದ್ದು ಬಾಗಿಲ ಬಳಿ, ಕೊನೆಗೆ ಬೇಕಾದದ್ದು ಒಳಮೂಲೆಯಲ್ಲಿ. ಎರಡು ಮೂರು ವಾರದಲ್ಲಿ ಮುಗಿಯಬೇಕಾದ ಕೆಲಸದಲ್ಲಿ ಒಂದು ಪೆಟ್ಟಿಗೆ ಕಳೆದರೆ ಒಂದು ಡೆಕ್ಕೇ ನಿಂತುಹೋಗುತ್ತದೆ.

ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರದಂಥ ಒಳನಾಡಿನ ಸೀಮೆಗೆ ಸಮುದ್ರ ದೂರ, ಕೆರೆ ಹತ್ತಿರ. ಹಡಗಿನ ತಳವನ್ನು ನೀರಿನಿಂದಾಚೆ ತರುವ ಡ್ರೈ ಡಾಕ್ ಎಂಬುದನ್ನು ಕೆರೆಯ ಮಾತಿನಲ್ಲೇ ಹೇಳಬಹುದು. ಸಮುದ್ರದ ಅಂಚಿನಲ್ಲಿ ಕಾಂಕ್ರೀಟಿನ ಉದ್ದನೆಯ ಹೊಂಡ. ಸಮುದ್ರದ ಕಡೆಗೊಂದು ದೈತ್ಯ ಬಾಗಿಲು. ತೂಬೆತ್ತಿದಂತೆ ನೀರು ಬಿಟ್ಟುಕೊಂಡರೆ ಹೊಂಡ ಸಮುದ್ರದ ಮಟ್ಟಕ್ಕೆ ತುಂಬುತ್ತದೆ, ಹಡಗು ತೇಲುತ್ತ ಒಳಬರುತ್ತದೆ. ಬಾಗಿಲು ಮುಚ್ಚಿ ಪಂಪು ಹಾಕಿದರೆ ನೀರು ಇಳಿಯುತ್ತದೆ. ಕೆರೆ ಬತ್ತುವಾಗ ದೋಣಿ ಕೆಸರಿನ ಮೇಲೆ ಓರೆಯಾಗಿ ಕೂರುತ್ತದೆ, ಇಲ್ಲಿ ಹಾಗಾಗಬಾರದು. ತಳದ ಎಲುಬುಗಳು ಎಲ್ಲೆಲ್ಲಿವೆ ಎಂದು ನಕ್ಷೆ ನೋಡಿ ಮೊದಲೇ ಮರ ಮತ್ತು ಕಾಂಕ್ರೀಟಿನ ದಿಮ್ಮಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹಡಗು ಅವುಗಳ ಮೇಲೆ ಕೂರುವ ಕೊನೆಯ ಕೆಲವು ಅಡಿ ನೀರು ಇಳಿಯುವಾಗ ಡಾಕ್ ಮಾಸ್ಟರ್ ಬೇರೆ ಮಾತಿಗೆ ಕಿವಿಗೊಡುವುದಿಲ್ಲ.

ಇನ್ನೊಂದು ಬಗೆ ಶಿಪ್‌ಲಿಫ್ಟ್. ನೀರಿನಡಿ ಇಳಿಸಿದ ವೇದಿಕೆಯ ಮೇಲೆ ಹಡಗನ್ನು ನಿಲ್ಲಿಸಿ, ವೇದಿಕೆಯನ್ನೇ ಎರಡೂ ಬದಿಯ ಹಗ್ಗಯಂತ್ರಗಳಿಂದ ಎತ್ತುವುದು. ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬದಲ್ಲಿ 10,000 ಟನ್ ಎತ್ತುವಂಥದೊಂದಿದೆ; ಅದು ಯುದ್ಧನೌಕೆಗಳಿಗೆ ಮೀಸಲು. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ ರಿಪೇರಿ ಕೇಂದ್ರದ ಶಿಪ್‌ಲಿಫ್ಟ್ 6,000 ಟನ್, 130 ಮೀಟರ್‌ವರೆಗಿನ ಹಡಗುಗಳಿಗೆ. ಸಣ್ಣ ವಿಹಾರ ಹಡಗುಗಳಲ್ಲಿ ಹಲವು ಈ ಅಳತೆಯ ಆಸುಪಾಸಿನವೇ. ಆ ಕೇಂದ್ರದ ಒಡೆತನದ ಕೊಚ್ಚಿನ್ ಶಿಪ್‌ಯಾರ್ಡ್ ಕಂಪನಿಯೇ ಮಲ್ಪೆಯ ಹಡಗುಕಟ್ಟೆಯನ್ನು 2020ರಲ್ಲಿ ಕೊಂಡಿತು. ಅದು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಟಗ್ ಮತ್ತು ಸಣ್ಣ ಸರಕು ಹಡಗುಗಳು ಅಲ್ಲಿ ತಯಾರಾಗುತ್ತವೆ.

ನೀರಿಳಿದ ಮೇಲೆ ಕಾಣುವ ಹಡಗು ಜಾಹೀರಾತಿನ ಹಡಗಲ್ಲ. ಬಿಳಿ ಮೈಯ ಕೆಳಗೆ ಪಾಚಿ, ಬಾರ್ನಕಲ್ ಚಿಪ್ಪು, ಮಂಗಳೂರಿನವರು ಪಚ್ಚಿಲೆ ಎನ್ನುವ ಚಿಪ್ಪುಜೀವಿಯ ಗೊಂಚಲು. ವಾಸನೆ ಮೀನುಪೇಟೆಯದು. ಈ ಒರಟುತನ ನೀರಿಗೆ ತಡೆಯೊಡ್ಡಿ ಎಣ್ಣೆ ಕುಡಿಸುತ್ತದೆ. ಭಾರಿ ಒತ್ತಡದ ನೀರಿನಿಂದ ಮೈ ಕೆರೆದು, ಅಲ್ಟ್ರಾಸೌಂಡ್ ಉಪಕರಣದಿಂದ ಉಕ್ಕಿನ ದಪ್ಪ ಅಳೆದು, ತೆಳುವಾದ ಹಲಗೆಗಳನ್ನು ಕತ್ತರಿಸಿ ಹೊಸದು ಬೆಸೆಯುತ್ತಾರೆ. ತುಕ್ಕನ್ನು ತಮ್ಮ ಮೈಮೇಲೆ ಎಳೆದುಕೊಂಡು ಸವೆದ ಸತುವಿನ ತುಂಡುಗಳ ಜಾಗಕ್ಕೆ ಹೊಸವು ಬರುತ್ತವೆ. ಚುಕ್ಕಾಣಿಯ ಬೇರಿಂಗ್, ಪ್ರೊಪೆಲ್ಲರ್ ದಂಡದ ಸೀಲು, ಹೊಯ್ದಾಟ ತಗ್ಗಿಸುವ ರೆಕ್ಕೆಗಳು, ಸಮುದ್ರದ ನೀರು ಒಳಗೆಳೆಯುವ ಕವಾಟಗಳು ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಕೊನೆಗೆ ಜೀವಿಗಳು ಅಂಟದಂತೆ ತಡೆಯುವ ಬಣ್ಣ. ಹಿಂದೆ ಇದರಲ್ಲಿ ತವರದ ಸಂಯುಕ್ತ ಇರುತ್ತಿತ್ತು; ಅದು ಹಡಗಿಗೆ ಅಂಟದ ಚಿಪ್ಪುಜೀವಿಗಳನ್ನೂ ಕೆಡಿಸಿದ್ದರಿಂದ 2008ರಿಂದ ಜಾಗತಿಕ ನಿಷೇಧ ಜಾರಿಯಲ್ಲಿದೆ. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳಿಗೂ ಇದೇ ಉಪಚಾರ ನಡೆಯುತ್ತದೆ: ಮಳೆಗಾಲದಲ್ಲಿ ಓಡಾಟ ನಿಲ್ಲಿಸಿ, ತಳ ಕೆರೆದು, ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ಜಡಿದು, ಮತ್ತೆ ಎಣ್ಣೆ ಬಳಿಯುವುದು.

ಅಷ್ಟರಲ್ಲಿ ಮೇಲೆ ಕೋಣೆಗಳು ಬೆತ್ತಲಾಗಿರುತ್ತವೆ. ಹೋಟೆಲಿನ ಒಳಾಂಗಣ ಮಾಡಿ ಪಳಗಿದವರು ಮೊದಲ ಬಾರಿ ಎಡವುವುದು ತೂಕದ ವಿಷಯದಲ್ಲಿ. ಅರವತ್ತು ಬಚ್ಚಲುಮನೆಗೆ ತಲಾ ನೂರು ಕಿಲೋ ಅಮೃತಶಿಲೆ ಹೆಚ್ಚಿಗೆ ಹಾಕಿದರೆ ಆರು ಟನ್. ಅದೂ ಮೇಲಿನ ಡೆಕ್ಕುಗಳಲ್ಲಿ. ತಲೆಭಾರ ಹೆಚ್ಚಿದ ತೇರಿನಂತೆ ಹಡಗೂ ಓಲಾಡುತ್ತದೆ. ಹಾಗಾಗಿ ಅತಿಥಿ ಕೈಯಾಡಿಸಿ ಮೆಚ್ಚುವ ಕಲ್ಲು ನಿಜಕ್ಕೂ ಕೆಲವೇ ಮಿಲಿಮೀಟರಿನ ಪದರ. ಬೆನ್ನಿಗಿರುವುದು ಜೇನುಗೂಡಿನಂಥ ಅಲ್ಯೂಮಿನಿಯಂ. ತೇಗದಂತೆ ಕಾಣುವ ಗೋಡೆ ಉಕ್ಕಿನ ತಗಡಿನ ನಡುವೆ ಖನಿಜದ ಉಣ್ಣೆ ತುಂಬಿದ ಹಲಗೆ, ಮೇಲೆ ಕಾಗದದಷ್ಟು ತೆಳುವಾದ ಮರದ ಸಿಪ್ಪೆ. ಖಾಲಿ ಹಡಗಿನ ತೂಕ ಲೆಕ್ಕಕ್ಕಿಂತ ನೂರಕ್ಕೆ ಎರಡಕ್ಕಿಂತ ಹೆಚ್ಚು ಬದಲಾದರೆ, ತಿಳಿದ ಭಾರಗಳನ್ನು ಡೆಕ್ಕಿನ ಮೇಲೆ ಅತ್ತಿತ್ತ ಸರಿಸಿ, ಹಡಗು ಎಷ್ಟು ವಾಲುತ್ತದೆಂದು ಲೋಲಕದಿಂದ ಅಳೆದು, ಸ್ಥಿರತೆಯ ಲೆಕ್ಕವನ್ನೇ ಹೊಸದಾಗಿ ಬರೆಯಬೇಕು.

ತೂಕದ ಜೊತೆಗೇ ಬೆಂಕಿ. ಮುಖ್ಯ ಗೋಡೆಗಳು ಎ-60 ದರ್ಜೆಯವು: ಒಂದು ಬದಿಗೆ ಬೆಂಕಿ ಬಿದ್ದರೂ ಅರವತ್ತು ನಿಮಿಷ ತಡೆಯಬೇಕು, ಆಚೆ ಬದಿಯ ಸರಾಸರಿ ಬಿಸಿ 140 ಡಿಗ್ರಿಗಿಂತ ಹೆಚ್ಚು ಏರಬಾರದು. ಅಂಥ ಗೋಡೆಯಲ್ಲಿ ತಂತಿಗೆಂದು ಕೊರೆದ ಒಂದು ತೂತನ್ನು ಮುಚ್ಚದೆ ಬಿಟ್ಟರೂ ಪರೀಕ್ಷಕರು ಒಪ್ಪುವುದಿಲ್ಲ. ರಿಪೇರಿಯ ದಿನಗಳಲ್ಲಿ ಹಡಗಿಗೆ ಬೆಂಕಿಯ ಅಪಾಯವೂ ಹೆಚ್ಚು. ಬೆಸುಗೆಯ ಕಿಡಿ, ಕಿತ್ತ ಬಟ್ಟೆ, ಅಂಟಿನ ಡಬ್ಬಿ ಒಂದೇ ಕೋಣೆಯಲ್ಲಿರುತ್ತವೆ. 1942ರ ಫೆಬ್ರುವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ಫ್ರಾನ್ಸಿನ ‘ನಾರ್ಮಂಡಿ’ ಸತ್ತದ್ದು ಹೀಗೆಯೇ. ತನ್ನ ಕಾಲದ ಅತಿ ಚೆಲುವಾದ ಹಡಗನ್ನು ಸೈನಿಕರ ಸಾಗಣೆಗೆ ಮಾರ್ಪಡಿಸುತ್ತಿದ್ದರು. ಹಜಾರದಲ್ಲಿ ಕಂಬವೊಂದನ್ನು ಕತ್ತರಿಸುವಾಗ ಹಾರಿದ ಕಿಡಿ, ಪಕ್ಕದಲ್ಲಿ ರಾಶಿ ಹಾಕಿದ್ದ ಬೂರುಗದ ಅರಳೆಯಂಥ ಹತ್ತಿ ತುಂಬಿದ ಜೀವರಕ್ಷಕ ಅಂಗಿಗಳಿಗೆ ತಗುಲಿತು. ಬೆಂಕಿ ಆರಿಸಲು ಸುರಿದ ನೀರು ಮೇಲಿನ ಅಂತಸ್ತುಗಳಲ್ಲೇ ನಿಂತು, ಹಡಗು ವಾಲುತ್ತ ವಾಲುತ್ತ ಮರುದಿನ ನಸುಕಿನಲ್ಲಿ ಮಗ್ಗುಲಾಗಿ ಬಿತ್ತು. ಮತ್ತೆ ಅದು ಪಯಣ ಮಾಡಲಿಲ್ಲ. ಈಗ ಪ್ರತಿ ಬೆಸುಗೆಗೂ ಪರವಾನಗಿ ಚೀಟಿ ಬೇಕು. ಬೆಸೆಯುವವನ ಪಕ್ಕದಲ್ಲಿ ಬೆಂಕಿಯನ್ನಷ್ಟೇ ಕಾಯುವವನೊಬ್ಬ ಕೂರುತ್ತಾನೆ.

ಈಚಿನ ದಿನಗಳಲ್ಲಿ ಸಣ್ಣ ಹಡಗುಗಳಿಗೆ ನಡೆದ ಅತಿ ಧೈರ್ಯದ ಕೆಲಸ ವಿಂಡ್‌ಸ್ಟಾರ್ ಕಂಪನಿಯದು. 2019ರಿಂದ 2021ರವರೆಗೆ ಇಟಲಿಯ ಪಲೆರ್ಮೋದಲ್ಲಿ ಫಿನ್‌ಕಾಂತಿಯೆರಿ ಹಡಗುಕಟ್ಟೆ ಅದರ ಮೂರು ಹಡಗುಗಳನ್ನು ನಡುವೆ ಸೀಳಿ, ಮೊದಲೇ ಕಟ್ಟಿಟ್ಟಿದ್ದ 25.6 ಮೀಟರ್ ಉದ್ದದ ಭಾಗವನ್ನು ಸೇರಿಸಿ ಮತ್ತೆ ಬೆಸೆಯಿತು. ಹಳೆಯ ಎಂಜಿನ್‌ಗಳ ಜಾಗಕ್ಕೆ ಹೊಸವು ಬಂದವು. 212 ಇದ್ದ ಪ್ರಯಾಣಿಕರ ಸಂಖ್ಯೆ 312 ಆಯಿತು, ವೆಚ್ಚ 25 ಕೋಟಿ ಡಾಲರ್. ಉಕ್ಕನ್ನು ಕತ್ತರಿಸುವುದು ಇದರಲ್ಲಿ ಸುಲಭದ ಪಾಲು. ಸೀಳಿನಲ್ಲಿ ಕಡಿದುಹೋದ ಪ್ರತಿ ಪೈಪು, ಪ್ರತಿ ತಂತಿ ಆಚೆ ಬದಿಯ ತನ್ನ ಜೋಡಿಯನ್ನು ತಪ್ಪದೆ ಸೇರಬೇಕು. ಆ ಮೂರರಲ್ಲಿ ‘ಸ್ಟಾರ್ ಬ್ರೀಜ್’ 1989ರ ಹಡಗು, ಹಳೆಯ ಹೆಸರು ‘ಸೀಬೋರ್ನ್ ಸ್ಪಿರಿಟ್’. 2005ರ ನವೆಂಬರ್‌ನಲ್ಲಿ ಸೊಮಾಲಿಯಾದಾಚೆ ಕಡಲ್ಗಳ್ಳರು ರಾಕೆಟ್ ಹಾರಿಸಿ ಅಟ್ಟಿಸಿಕೊಂಡು ಬಂದಾಗ ತಪ್ಪಿಸಿಕೊಂಡದ್ದು ಇದೇ ಒಡಲು.

ಹೊಂಡಕ್ಕೆ ಮತ್ತೆ ನೀರು ಬಿಡುವಾಗ ಒಂದು ಹಂತದಲ್ಲಿ ತಡೆದು, ಒಳಗೆ ಟಾರ್ಚು ಹಿಡಿದು ಪ್ರತಿ ಕವಾಟದ ಬಳಿ ಹನಿ ಒಸರುತ್ತಿದೆಯೇ ನೋಡುತ್ತಾರೆ. ಆಮೇಲೆ ಸಮುದ್ರ ಪರೀಕ್ಷೆ: ಪೂರ್ತಿ ವೇಗ, ಥಟ್ಟನೆ ಹಿಮ್ಮುಖ, ಬಿರುತಿರುವು, ಕತ್ತಲಲ್ಲಿ ತುರ್ತು ಜನರೇಟರ್. ಪ್ರಮಾಣಪತ್ರಕ್ಕೆ ಸಹಿ ಬಿದ್ದ ಮರುದಿನವೇ ಅತಿಥಿಗಳು ಹತ್ತುವುದೂ ಉಂಟು. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿಹಾರ ಹಡಗುಗಳಿಂದ ಇಳಿದು ಕದ್ರಿ ದೇವಸ್ಥಾನಕ್ಕೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಹೊರಡುವವರ ಕಣ್ಣಿಗೆ ಎಲ್ಲವೂ ಮುಗಿದಂತೆ ಕಾಣುತ್ತದೆ. ಆದರೆ ನವೀಕರಣವಾದ ಹಡಗಿನ ಮೊದಲ ಪಯಣಗಳಲ್ಲಿ ಸಿಬ್ಬಂದಿಯ ಕೆಳಗಿನ ಕೋಣೆಗಳಲ್ಲಿ ಕೆಲವು ಬಡಗಿಗಳು, ಕೊಳಾಯಿ ಕೆಲಸದವರು ಇನ್ನೂ ಉಳಿದಿರುತ್ತಾರೆ. ಅತಿಥಿಗಳು ಊರು ನೋಡಲು ಇಳಿದ ಮೇಲೆ ಅವರು ಮೇಲೆ ಬಂದು, ಕಿರುಗುಟ್ಟುವ ಬಾಗಿಲು, ಮುಚ್ಚಿಕೊಳ್ಳದ ಡ್ರಾಯರ್ ಹುಡುಕಿ ಸರಿಮಾಡಿ, ಸಂಜೆಗೆ ಮೊದಲು ಕೆಳಗಿಳಿಯುತ್ತಾರೆ.