ಗಜೇಂದ್ರಗಡದ ಗಡಿ ಶಿಬಿರ

ಗಜೇಂದ್ರಗಡ ಸಮೀಪದ ಪುರ್ತಗೇರಿ ಕಡೆಯಿಂದ ಯಲಬುರ್ಗಾ, ಕುಷ್ಟಗಿ ಸೀಮೆಗೆ ಹೋಗುವವರಿಗೆ ಇಂದು ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಗದಗ ಜಿಲ್ಲೆ ಮುಗಿದು ಕೊಪ್ಪಳ ಜಿಲ್ಲೆ ಶುರುವಾಗಿರುತ್ತದೆ, ಅಷ್ಟೇ. 1947ರ ಆಗಸ್ಟ್ 15ರ ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ದೇಶದ ಗಡಿಯಾಗಿತ್ತು. ಈಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕು, ಆಚೆ ಹೈದರಾಬಾದ್ ನಿಜಾಮರ ರಾಯಚೂರು ಜಿಲ್ಲೆ. ಈಚೆ ಕಲ್ದಾರ್ ರೂಪಾಯಿ, ಆಚೆ ಹಾಲಿ ಸಿಕ್ಕಾ. ಆರು ಕಲ್ದಾರಿಗೆ ಏಳು ಹಾಲಿ. ನಡುವೆ ಸುಂಕ ವಸೂಲಿಯ ಕರೋಡ್‌ಗಿರಿ ನಾಕಾಗಳು. ಹೊಲ, ಸಂತೆ, ಜಾತ್ರೆ, ಬೀಗತನ ಮಾತ್ರ ಎರಡೂ ಕಡೆಗೆ ಹಂಚಿಕೊಂಡಿದ್ದವು.

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಆಗಸ್ಟ್ 7ರಂದೇ ಸತ್ಯಾಗ್ರಹ ಶುರುವಾಗಿತ್ತು. ಬಂಧನಗಳಾದವು, ನಿಜಾಮರ ಪರ ನಿಂತ ಕಾಸಿಂ ರಜ್ವಿಯ ರಜಾಕಾರ ಪಡೆಯ ಹಾವಳಿ ಹೆಚ್ಚಿತು. ಊರು ಬಿಟ್ಟವರು ಗಡಿ ದಾಟಿ ಬಂದರು. ಅವರ ನಡುವಿನಿಂದಲೇ ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಹುಟ್ಟಿಕೊಂಡವು. ಮುಂಡರಗಿಯದನ್ನು ಅಳವಂಡಿ ಶಿವಮೂರ್ತಿಸ್ವಾಮಿ ನಡೆಸಿದರು, ಗಜೇಂದ್ರಗಡದ್ದನ್ನು ಪುಂಡಲೀಕಪ್ಪ ಜ್ಞಾನಮೋಠೆ.

ಈ ಶಿಬಿರ ಸರ್ಕಾರದ ಪಲ್ಟನ್ನಾಗಿರಲಿಲ್ಲ. ಎದೆ ಅಳೆಯುವವರಿಲ್ಲ, ಪಗಾರವಿಲ್ಲ, ನಂಬರಿಲ್ಲ. ಶಾಲೆ ಬಿಟ್ಟ ಹುಡುಗರು, ಮಾಸ್ತರರು, ಒಕ್ಕಲುತನದವರು ಬಂದು ಸೇರಿದರು. ಆಚೆಯ ಹಾದಿ ಬಲ್ಲವನು ಕಟ್ಟುಮಸ್ತಾದವನಿಗಿಂತ ಹೆಚ್ಚು ಬೇಕಾದವನು: ಯಾವ ಹಳ್ಳ ಎಲ್ಲಿ ದಾಟಬಹುದು, ಯಾವ ಊರಿನ ಗೌಡ ಯಾರ ಪರ ಎಂಬುದೇ ಇಂಥ ಪಡೆಗೆ ಬಂಡವಾಳ. ಹಾಗೆ ಬಲ್ಲವರು ನಿರಾಶ್ರಿತರಲ್ಲೇ ಇದ್ದರು.

ಚಳವಳಿಯ ಮೊದಲ ಹತಾರ ಕೊಡಲಿ. ಈಚಲು ಮರದ ಸೇಂದಿಯಿಂದ ನಿಜಾಮರ ಖಜಾನೆಗೆ ಅಬಕಾರಿ ಹಣ ಹರಿಯುತ್ತಿತ್ತು. ಹಳ್ಳದ ದಂಡೆಯ ಈಚಲು ಕಡಿದರೆ ಆ ಹರಿವಿಗೇ ಏಟು. ಕೊಡಲಿ ಹಿಡಿಯುವುದನ್ನು ಒಕ್ಕಲಿಗರ ಮಕ್ಕಳಿಗೆ ಯಾರೂ ಕಲಿಸಬೇಕಿರಲಿಲ್ಲ. ಕಲಿಸಬೇಕಾದದ್ದು ಗುಂಪಾಗಿ ಹೋಗಿ, ಹೇಳಿದಷ್ಟೇ ಮಾಡಿ, ಗುಂಪಾಗಿಯೇ ಮರಳುವುದನ್ನು. ಬಂದೂಕಿನ ತರಬೇತಿ, ನಾಕಾ ಮತ್ತು ಪೊಲೀಸ್ ಠಾಣೆಗಳ ಮೇಲಿನ ದಾಳಿ, ಹಳ್ಳಿಗಳ ಕಾವಲು ಆಮೇಲಿನವು. 1947ರ ನವೆಂಬರ್ 29ರಂದು ದಿಲ್ಲಿ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾಗಿದ್ದರಿಂದ ಬಹಿರಂಗ ಬೆಂಬಲಕ್ಕೆ ದಾರಿ ಇರಲಿಲ್ಲ; ಮುಂಬಯಿ ಸರ್ಕಾರ ನೋಡಿಯೂ ನೋಡದಂತಿತ್ತು.

ಎರಿ ಭೂಮಿಯೂ ತನ್ನ ಪಾಠ ಹೇಳುತ್ತದೆ. ಹಿಂಗಾರಿ ಜೋಳ ಆಳೆತ್ತರ ನಿಂತಾಗ ಹತ್ತಾರು ಮಂದಿ ಹೊಲದೊಳಗೇ ಹಾಯ್ದು ಹೋಗಬಹುದು. ಸುಗ್ಗಿ ಮುಗಿದ ಮೇಲೆ ಅದೇ ನೆಲ ಬಟಾಬಯಲು, ಹರದಾರಿ ದೂರದ ಮನುಷ್ಯನೂ ಕಾಣುತ್ತಾನೆ. ಮಳೆ ಬಿದ್ದರಂತೂ ಕಾಲಿಗೆ ಮೆತ್ತುವ ಕೆಸರಿನಲ್ಲಿ ಓಡುವ ಮಾತೇ ಇಲ್ಲ. ಇಂಥ ಕಡೆ ಕವಾಯತಿಗಿಂತ ಕಾಯುವ ತಾಳ್ಮೆಗೆ ಬೆಲೆ ಹೆಚ್ಚು.

ನನ್ನ ಲೆಕ್ಕದಲ್ಲಿ ಶಿಬಿರದ ನಾಯಕರ ಎದುರಿಗಿದ್ದ ಕಠಿಣ ಕೆಲಸ ಬಂದೂಕು ಹೊಂದಿಸುವುದಲ್ಲ, ಸಿಟ್ಟಿಗೆ ಮೂಗುದಾರ ಹಾಕುವುದು. ಮನೆ ಕಳೆದುಕೊಂಡು ಬಂದವನ ಕೈಗೆ ಆಯುಧ ಕೊಟ್ಟು, ರಜಾಕಾರನೇ ಬೇರೆ, ಓಣಿಯ ಮುಸಲ್ಮಾನನೇ ಬೇರೆ ಎಂದು ಒಪ್ಪಿಸಬೇಕಿತ್ತು. ಇದು ಎಲ್ಲೆಡೆ ಆಗಲಿಲ್ಲ. ಹೈದರಾಬಾದಿನ ಮೇಲೆ ಭಾರತದ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಿಗೆ ಸಂಸ್ಥಾನದಲ್ಲಿ ನಡೆದ ಮುಸ್ಲಿಮರ ಹತ್ಯೆಗಳನ್ನು ಪಂಡಿತ್ ಸುಂದರಲಾಲ್ ಸಮಿತಿ ದಾಖಲಿಸಿತು. ಬೀದರ, ಗುಲಬರ್ಗಾ ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿದ್ದವು. ವಿಮೋಚನೆಯ ಕಥೆ ಹೇಳುವಾಗ ಈ ಪುಟ ಹಾರಿಸುವುದು ಸರಿಯಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳನುಗ್ಗಿತು. 17ಕ್ಕೆ ನಿಜಾಮ ಸೋಲೊಪ್ಪಿದ. ಶಿಬಿರದವರು ಹೊಲಕ್ಕೆ, ಶಾಲೆಗೆ ಮರಳಿದರು. ಶಿವಮೂರ್ತಿಸ್ವಾಮಿ 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಆರಿಸಿ ಹೋದರು. ದಶಕಗಳ ನಂತರ ಕೇಂದ್ರ ಸರ್ಕಾರ ಗಡಿ ಶಿಬಿರದವರಿಗೂ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕೊಡಲು ಒಪ್ಪಿದಾಗ, ಪುರಾವೆ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಗುಟ್ಟಾಗಿ ನಡೆದ ಪಡೆಗೆ ಸೈನ್ಯದ ದಾಖಲೆ ಎಲ್ಲಿಂದ ಬರಬೇಕು? ಶಿಬಿರದ ಮುಖಂಡರ ಪ್ರಮಾಣಪತ್ರವನ್ನೇ ಆಧಾರ ಮಾಡಿಕೊಳ್ಳಬೇಕಾಯಿತು. ನಿಜವಾದವರ ಜೊತೆಗೆ ನಕಲಿ ಅರ್ಜಿದಾರರೂ ಸಾಲಿನಲ್ಲಿ ನಿಂತರು, ಎಷ್ಟೋ ತಕರಾರುಗಳು ಕೋರ್ಟಿನ ಮೆಟ್ಟಿಲೇರಿದವು.